ಬ್ರಿಜಿಡ್‌ಳನ್ನು ಮನೆಗೆ ಕರೆಯುವುದು: ಐರ್ಲೆಂಡಿನ ವಸಂತಾಗಮನದ ರಾತ್ರಿಗೆ ಸಮಗ್ರ ಮಾರ್ಗದರ್ಶಿ

ಐರ್ಲೆಂಡಿನ ಹಳೆಯ ಪಂಚಾಂಗದಲ್ಲಿ ವಸಂತ ಫೆಬ್ರವರಿ 1ಕ್ಕೆ ಶುರುವಾಗುತ್ತದೆ. ಅಲ್ಲಿನ ಹವಾಮಾನ ಇಲಾಖೆ ಮಾರ್ಚ್ 1ರಿಂದ ಲೆಕ್ಕ ಹಾಕುತ್ತದೆ. ಹಳ್ಳಿಯ ಹಿರಿಯರು ಆ ಲೆಕ್ಕವನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಹೊರಗೆ ನೋಡಿದರೆ ಐದಾರು ಡಿಗ್ರಿ ಚಳಿ, ಜಿಟಿಜಿಟಿ ಮಳೆ, ಎಲೆಯಿಲ್ಲದ ಮರಗಳು. ಆದರೂ ಅವರ ಮಾತಿನಲ್ಲಿ ಹುರುಳಿದೆ. ಡಿಸೆಂಬರ್ 21ರಂದು ಡಬ್ಲಿನ್‌ನಲ್ಲಿ ಹಗಲು ಏಳೂವರೆ ಗಂಟೆ ಮಾತ್ರ. ಫೆಬ್ರವರಿ 1ರ ಹೊತ್ತಿಗೆ ಅದು ಹೆಚ್ಚುಕಡಿಮೆ ಒಂಬತ್ತು ಗಂಟೆಯಾಗಿರುತ್ತದೆ. ಗಬ್ಬದ ಕುರಿಗಳ ಕೆಚ್ಚಲು ತುಂಬುತ್ತದೆ, ಬೇಲಿಯ ಬುಡದಲ್ಲಿ ಸ್ನೋಡ್ರಾಪ್ ಹೂವು ತಲೆ ಎತ್ತುತ್ತದೆ. ಈ ಹೊತ್ತಿನ ಹೆಸರು ಇಂಬೋಲ್ಕ್. ಈ ಹೊತ್ತಿನ ಒಡತಿ ಬ್ರಿಜಿಡ್; ಐರಿಷ್ ಮಾತಿನಲ್ಲಿ ಬ್ರೀಡ್.

ಈಗ ಈ ಹಬ್ಬವನ್ನು ಆಚರಿಸಬೇಕೆಂದು ಹುಡುಕುವವರಿಗೆ ಮೊದಲು ಸಿಗುವುದು ಬಣ್ಣದ ಮೇಣದಬತ್ತಿ, ಹರಳುಕಲ್ಲು, ಅಂಗಡಿಯಿಂದ ತಂದು ಜೋಡಿಸುವ ಪೂಜಾಪೀಠ. ಹಳೆಯ ಐರಿಷ್ ಮನೆಗಳಲ್ಲಿ ಇದ್ಯಾವುದೂ ಇರಲಿಲ್ಲ. ಇದ್ದದ್ದು ಒಂದು ಬಾಗಿಲು, ಒಂದು ಕಟ್ಟು ಜೊಂಡು, ಆಲೂಗಡ್ಡೆ, ಬೆಣ್ಣೆ, ಒಂದು ತುಂಡು ಬಟ್ಟೆ. ಜನವರಿ 31ರ ರಾತ್ರಿ ಬ್ರಿಜಿಡ್ ಊರೂರು ತಿರುಗುತ್ತಾಳೆ, ನಮ್ಮ ಮನೆಗೂ ಬರುತ್ತಾಳೆ ಎಂಬ ನಂಬಿಕೆಯ ಮೇಲೆ ಇಡೀ ಹಬ್ಬ ನಿಂತಿದೆ. ಬರುವ ಅತಿಥಿಗೆ ಮನೆ ಹೇಗೆ ಸಿದ್ಧವಾಗಬೇಕೋ ಹಾಗೆ ಸಿದ್ಧವಾಗುವುದೇ ಆಚರಣೆ. ಈ ಒಂದು ಎಳೆಯನ್ನು ಹಿಡಿದುಕೊಂಡರೆ ಮುಂದಿನ ಪ್ರತಿ ಹೆಜ್ಜೆಯೂ ಅರ್ಥವಾಗುತ್ತದೆ. ಅದನ್ನು ಬಿಟ್ಟರೆ ಆ ರಾತ್ರಿ ಹೆಣೆಯುವ ಜೊಂಡಿನ ಶಿಲುಬೆ ಗೋಡೆಯ ಅಲಂಕಾರವಾಗಿ ಉಳಿಯುತ್ತದೆ.

ಮೊದಲು, ಬರುವವಳು ಯಾರು ಎಂದು ತಿಳಿದುಕೊಳ್ಳಿ

ಈ ಹೆಜ್ಜೆಯನ್ನು ದಾಟಿಹೋಗಬೇಡಿ. ಬ್ರಿಜಿಡ್ ಎಂಬ ಹೆಸರಿನಲ್ಲಿ ಇಬ್ಬರಿದ್ದಾರೆ: ಒಬ್ಬಳು ದೇವತೆ, ಇನ್ನೊಬ್ಬಳು ಕ್ರೈಸ್ತ ಸಂತಳು.

ದೇವತೆಯ ಬಗ್ಗೆ ನಮಗೆ ಸಿಗುವ ಮಾತುಗಳು ಕೆಲವೇ. ಕ್ಯಾಷೆಲ್‌ನ ರಾಜನೂ ಬಿಷಪ್ಪನೂ ಆಗಿದ್ದ ಕಾರ್ಮಕ್ 908ರಲ್ಲಿ ತೀರಿಕೊಂಡ. ಅವನ ಹೆಸರಿನಲ್ಲಿ ಉಳಿದಿರುವ ಹಳೆಯ ಪದಕೋಶವೊಂದು ಬ್ರಿಜಿಡ್‌ಳನ್ನು ದಾಗ್ದ ಎಂಬ ಐರಿಷ್ ದೇವನ ಮಗಳು, ಕವಿಗಳು ಪೂಜಿಸುತ್ತಿದ್ದ ದೇವತೆ ಎನ್ನುತ್ತದೆ. ಅವಳಿಗೆ ಅದೇ ಹೆಸರಿನ ಇಬ್ಬರು ಸಹೋದರಿಯರು: ಒಬ್ಬಳು ವೈದ್ಯದವಳು, ಒಬ್ಬಳು ಕಮ್ಮಾರಿಕೆಯವಳು. ಕಾವ್ಯ, ಮದ್ದು, ಕಬ್ಬಿಣ ಮೂರೂ ಒಂದೇ ಹೆಸರಿನ ಕೆಳಗೆ ಬರುತ್ತವೆ. ಐರಿಷ್ ದೇವತೆಗಳ ಮಹಾಯುದ್ಧದ ಕಥೆಯಲ್ಲಿ ಅವಳು ತಾಯಿಯಾಗಿ ಬರುತ್ತಾಳೆ. ಮಗ ರುವದಾನ್ ಸತ್ತಾಗ ಅವಳು ಎದೆಯೊಡೆದು ಅಳುತ್ತಾಳೆ. ಐರ್ಲೆಂಡಿನಲ್ಲಿ ಹೆಣದ ಮುಂದೆ ಹಾಡಿಕೊಂಡು ಅತ್ತದ್ದು ಅದೇ ಮೊದಲು ಎನ್ನುತ್ತದೆ ಕಥೆ. ಕನ್ಯೆ, ತಾಯಿ, ಮುದುಕಿ ಎಂದು ಅವಳನ್ನು ಮೂರು ವಯಸ್ಸುಗಳಾಗಿ ಹಂಚುವ ಇಂದಿನ ರೂಢಿಗೆ ಈ ಹಳೆಯ ಬರಹಗಳಲ್ಲಿ ಆಧಾರವಿಲ್ಲ. ಮೂವರೂ ಸಹೋದರಿಯರು, ಮೂವರಿಗೂ ಒಂದೊಂದು ಕಸುಬು. ನನಗೆ ಈ ಹಳೆಯ ಚಿತ್ರವೇ ಹೆಚ್ಚು ಇಷ್ಟ, ಏಕೆಂದರೆ ಇಲ್ಲಿ ಹೆಣ್ಣನ್ನು ಅಳೆಯುವುದು ಅವಳ ಕೆಲಸದಿಂದ.

ಸಂತ ಬ್ರಿಜಿಡ್ ಸುಮಾರು 451ರಿಂದ 525ರವರೆಗೆ ಬದುಕಿದ್ದಳೆಂಬುದು ಸಂಪ್ರದಾಯದ ಲೆಕ್ಕ. ಹುಟ್ಟಿದ್ದು ಲೌತ್ ಜಿಲ್ಲೆಯ ಫಾಹರ್ಟ್‌ನಲ್ಲಿ, ಮಠ ಕಟ್ಟಿದ್ದು ಕಿಲ್ಡೇರ್‌ನಲ್ಲಿ. ಏಳನೆಯ ಶತಮಾನದಲ್ಲಿ ಕೊಗಿಟೋಸಸ್ ಎಂಬ ಸನ್ಯಾಸಿ ಅವಳ ಚರಿತ್ರೆ ಬರೆದ. ಅದರಲ್ಲಿ ಎಳೆಯ ಬ್ರಿಜಿಡ್ ಕಡೆದ ಬೆಣ್ಣೆಯನ್ನೆಲ್ಲ ಬಡವರಿಗೆ ಕೊಟ್ಟುಬಿಡುತ್ತಾಳೆ; ಮನೆಯವರು ಲೆಕ್ಕ ಕೇಳುವ ಹೊತ್ತಿಗೆ ಪಾತ್ರೆ ಮತ್ತೆ ತುಂಬಿರುತ್ತದೆ. ಒದ್ದೆ ಮೇಲಂಗಿಯನ್ನು ಬಿಸಿಲುಕೋಲಿನ ಮೇಲೆ ಒಣಹಾಕುತ್ತಾಳೆ. ಜನರ ಬಾಯಲ್ಲಿ ಉಳಿದ ಇನ್ನೊಂದು ಕಥೆಯಲ್ಲಿ, ಮಠಕ್ಕೆ ಜಾಗ ಕೇಳಿದಾಗ ಲೆನ್ಸ್ಟರ್‌ನ ರಾಜ ನಕ್ಕು, ನಿನ್ನ ಮೇಲಂಗಿ ಎಷ್ಟು ಮುಚ್ಚುತ್ತದೋ ಅಷ್ಟು ತೆಗೆದುಕೋ ಎನ್ನುತ್ತಾನೆ. ಅಂಗಿ ಹರಡುತ್ತಾ ಹರಡುತ್ತಾ ಕುರ್ರಾ ಬಯಲನ್ನೆಲ್ಲ ಮುಚ್ಚುತ್ತದೆ. ಆ ಬಯಲು ಇಂದಿಗೂ ಇದೆ. ಅಲ್ಲಿ ಕುದುರೆ ಓಟದ ಮೈದಾನವಿದೆ.

ದೇವತೆಯೇ ಸಂತಳಾದಳೇ, ಅಥವಾ ನಿಜವಾಗಿ ಬದುಕಿದ್ದ ಮಠಾಧ್ಯಕ್ಷೆಯೊಬ್ಬಳ ಸುತ್ತ ದೇವತೆಯ ಗುಣಗಳು ಬಂದು ಸೇರಿದವೇ ಎಂಬ ವಿಷಯದಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಆಚರಣೆ ಮಾಡುವವರು ಈ ಜಗಳವನ್ನು ಬಗೆಹರಿಸಬೇಕಾಗಿಲ್ಲ. ಆದರೆ ಒಂದು ಮರ್ಯಾದೆ ಉಳಿಸಿಕೊಳ್ಳಿ. ಕೆಳಗೆ ಹೇಳುವ ಬಾಗಿಲ ವಿಧಿ, ಶಿಲುಬೆ, ಬಟ್ಟೆ ಎಲ್ಲವೂ ನಮಗೆ ಬಂದಿರುವುದು ಕ್ಯಾಥೊಲಿಕ್ ಹಳ್ಳಿಮನೆಗಳಿಂದ. 1942ರಲ್ಲಿ ಐರಿಷ್ ಜಾನಪದ ಆಯೋಗ ಈ ಹಬ್ಬದ ಬಗ್ಗೆಯೇ ಒಂದು ಪ್ರಶ್ನಾವಳಿಯನ್ನು ದೇಶದ ಉದ್ದಗಲಕ್ಕೂ ಕಳುಹಿಸಿತು. ಅದಕ್ಕೆ ಹಿರಿಯರು ಕೊಟ್ಟ ಉತ್ತರಗಳಿಂದಲೇ ಇವತ್ತು ನಮಗೆ ಇಷ್ಟು ವಿವರ ಗೊತ್ತಿದೆ. ನೀವು ದೇವತೆಯನ್ನೇ ಕರೆಯುತ್ತಿದ್ದರೂ, ಈ ಪದ್ಧತಿಗಳನ್ನು ಕಾಪಾಡಿಕೊಟ್ಟ ಅಜ್ಜಿಯರು ಜಪಸರ ಹಿಡಿದವರು ಎಂಬುದನ್ನು ಅಳಿಸಿಹಾಕಬೇಡಿ.

ಜೊಂಡು ತರುವುದು

ಜನವರಿ 30 ಅಥವಾ 31ರ ಹಗಲಿನಲ್ಲಿ ಜೊಂಡು ತನ್ನಿ. ಐರ್ಲೆಂಡಿನಲ್ಲಿ ನೀರು ನಿಲ್ಲುವ ಹೊಲದಂಚಿನಲ್ಲೆಲ್ಲ ಅದು ಪೊದೆಪೊದೆಯಾಗಿ ಬೆಳೆದಿರುತ್ತದೆ: ದುಂಡನೆಯ, ಎಲೆಯಿಲ್ಲದ, ಒಳಗೆ ಬಿಳಿ ಬೆಂಡಿರುವ ಹಸಿರು ಕಡ್ಡಿ. ಹೊಲದವರನ್ನು ಕೇಳಿಯೇ ಕೀಳಿ. ಸಾಮಾನ್ಯವಾಗಿ ಯಾರೂ ಬೇಡ ಎನ್ನುವುದಿಲ್ಲ, ರೈತರಿಗೆ ಅದು ಕಳೆ.

ಕತ್ತಿ ಹಾಕಬಾರದು, ಕೈಯಿಂದಲೇ ಕೀಳಬೇಕು ಎಂಬುದು ಹಳೆಯ ಕಟ್ಟಳೆ. ಒಂದು ಕಡ್ಡಿಯನ್ನು ಬುಡದಲ್ಲಿ ಹಿಡಿದು ನೇರಕ್ಕೆ ಮೇಲೆಳೆಯಿರಿ. ಸಣ್ಣಗೆ ಕಿರುಗುಟ್ಟಿ, ಬೆಳ್ಳಗಿನ ಬುಡದೊಂದಿಗೆ ಜಾರಿ ಬರುತ್ತದೆ. ಓರೆಯಾಗಿ ಎಳೆದರೆ ಮುರಿಯುತ್ತದೆ. ಒಂದು ಶಿಲುಬೆಗೆ ಇಪ್ಪತ್ತೈದರಿಂದ ಮೂವತ್ತು ಕಡ್ಡಿ ಬೇಕು. ಪ್ರತಿಯೊಂದೂ ಕನಿಷ್ಠ 30 ಸೆಂಟಿಮೀಟರ್ ಉದ್ದವಿರಲಿ. 40 ಇದ್ದರೆ ಇನ್ನೂ ಒಳ್ಳೆಯದು. ಮುರಿಯುವುದನ್ನೂ ಲೆಕ್ಕಕ್ಕೆ ಹಿಡಿದು ತಲೆಗೆ ನಲವತ್ತರಂತೆ ತನ್ನಿ.

ತಂದ ಕಟ್ಟನ್ನು ಮನೆಯೊಳಗೆ ಒಯ್ಯಬೇಡಿ. ಒದ್ದೆ ಬಟ್ಟೆಯಲ್ಲಿ ಸುತ್ತಿ ಬಾಗಿಲ ಹೊರಗೆ, ಗೋಡೆಯ ಮರೆಯಲ್ಲಿ ಇಡಿ. ಅದು ಒಳಗೆ ಬರುವುದು ಬ್ರಿಜಿಡ್‌ಳ ಜೊತೆಗೇ.

ಕರ್ನಾಟಕದಲ್ಲಿರುವವರು ಕೆರೆಯಂಚಿನ ತೆಳು ಜೊಂಡನ್ನು ಬಳಸಬಹುದು. ಅದು ಸಿಗದಿದ್ದರೆ ಗೋಧಿಹುಲ್ಲೂ ಆಗುತ್ತದೆ. ಐರ್ಲೆಂಡಿನಲ್ಲೇ ಜೊಂಡಿಲ್ಲದ ಕಡೆ ಒಣಹುಲ್ಲಿನಲ್ಲಿ ಹೆಣೆಯುತ್ತಾರೆ. ಒಣಗಿದ್ದನ್ನು ಹೆಣೆಯುವ ಮೊದಲು ಕೆಲವು ಗಂಟೆ ನೀರಿನಲ್ಲಿ ನೆನೆಸಿ, ಬಳಿಕ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ.

ಮನೆ, ಅಡುಗೆ

ಮನೆಯನ್ನು ಗುಡಿಸಿ ಒರೆಸಿ. ಇದಕ್ಕೆ ವಿಶೇಷ ವಿಧಿಯೇನೂ ಇಲ್ಲ.

ಆ ರಾತ್ರಿಯ ಊಟದಲ್ಲಿ ಬೆಣ್ಣೆ ಇರಲೇಬೇಕು. ಚಳಿಗಾಲದುದ್ದಕ್ಕೂ ಬತ್ತಿದ್ದ ಹಾಲು ಮತ್ತೆ ಬರುವ ಕಾಲ ಇದು. ಬೆಣ್ಣೆಯೇ ಅದರ ಸಾಕ್ಷಿ. ಸಾಧ್ಯವಾದರೆ ನೀವೇ ಕಡೆಯಿರಿ. ಅರ್ಧ ಲೀಟರ್ ಗಟ್ಟಿ ಕ್ರೀಮನ್ನು ಒಂದೆರಡು ಗಂಟೆ ಹೊರಗಿಟ್ಟು, ದೊಡ್ಡ ಗಾಜಿನ ಜಾಡಿಗೆ ಅರ್ಧದಷ್ಟು ಮಾತ್ರ ತುಂಬಿ, ಮುಚ್ಚಳ ಬಿಗಿದು ಅಲ್ಲಾಡಿಸಿ. ಹತ್ತು ಹದಿನೈದು ನಿಮಿಷಕ್ಕೆ ಒಳಗಿನ ಸದ್ದು ಬದಲಾಗುತ್ತದೆ: ಮೊದಲು ಗಟ್ಟಿಯಾಗಿ ಅಲ್ಲಾಡುವುದೇ ನಿಲ್ಲುತ್ತದೆ, ಆಮೇಲೆ ಒಮ್ಮೆಗೇ ಉಂಡೆ ಒಡೆದು ಮಜ್ಜಿಗೆಯಲ್ಲಿ ಬಡಿಯತೊಡಗುತ್ತದೆ. ಬಸಿದು, ತಣ್ಣೀರಿನಲ್ಲಿ ನೀರು ತಿಳಿಯಾಗುವವರೆಗೆ ತೊಳೆದು, ಚಿಟಿಕೆ ಉಪ್ಪು ಬೆರೆಸಿ. ಸುಮಾರು 200 ಗ್ರಾಂ ಬೆಣ್ಣೆ ಸಿಗುತ್ತದೆ. ಮಜ್ಜಿಗೆ ಚೆಲ್ಲಬೇಡಿ.

ಮುಖ್ಯ ಖಾದ್ಯ ಕೋಲ್ಕ್ಯಾನನ್. ನಾಲ್ವರಿಗೆ ಒಂದು ಕೆ.ಜಿ. ಆಲೂಗಡ್ಡೆ (ಬೆಂದರೆ ಹಿಟ್ಟಾಗುವ ಜಾತಿ), 250 ಗ್ರಾಂ ಕೇಲ್ ಸೊಪ್ಪು ಅಥವಾ ಎಲೆಕೋಸು, ಒಂದು ಹಿಡಿ ಈರುಳ್ಳಿ ಸೊಪ್ಪು, 150 ಮಿ.ಲೀ. ಹಾಲು, 100 ಗ್ರಾಂ ಬೆಣ್ಣೆ ತೆಗೆದುಕೊಳ್ಳಿ. ಆಲೂಗಡ್ಡೆಯನ್ನು ಸಿಪ್ಪೆಯ ಸಮೇತ ಉಪ್ಪುನೀರಿನಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಸುಲಿದು ಹಿಸುಕಿ. ಕೇಲನ್ನು ಬೇರೆಯಾಗಿ ಬೇಯಿಸಿ, ನೀರು ಹಿಂಡಿ, ಸಣ್ಣಗೆ ಹೆಚ್ಚಿ. ಈರುಳ್ಳಿ ಸೊಪ್ಪನ್ನು ಹಾಲಿನಲ್ಲಿ ಎರಡು ನಿಮಿಷ ಕುದಿಸಿ ಆ ಹಾಲನ್ನೇ ಆಲೂಗಡ್ಡೆಗೆ ಸುರಿಯಿರಿ. ತಣ್ಣನೆಯ ಹಾಲು ಸುರಿದರೆ ಅಂಟಂಟಾಗುತ್ತದೆ. ಎಲ್ಲವನ್ನೂ ಅರ್ಧ ಬೆಣ್ಣೆಯೊಂದಿಗೆ ಕಲೆಸಿ, ಉಪ್ಪು, ಕರಿಮೆಣಸು ಹಾಕಿ. ತಟ್ಟೆಗೆ ಬಡಿಸುವಾಗ ನಡುವೆ ಗುಣಿ ಮಾಡಿ ಉಳಿದ ಬೆಣ್ಣೆಯನ್ನು ಅದರಲ್ಲಿ ಕರಗಲು ಬಿಡಿ. ಅಂಚಿನಿಂದ ತೆಗೆದುಕೊಂಡು ಬೆಣ್ಣೆಯಲ್ಲಿ ಅದ್ದಿ ತಿನ್ನುವುದು ಕ್ರಮ. ಹ್ಯಾಲೋವೀನ್ ರಾತ್ರಿಗೂ ಇದೇ ಖಾದ್ಯ. ಚಳಿಗಾಲದ ಎರಡೂ ತುದಿಗಳಿಗೆ ಒಂದೇ ಅಡುಗೆ.

ಉಳಿದ ಮಜ್ಜಿಗೆಯಲ್ಲಿ ಸೋಡಾ ಬ್ರೆಡ್ ಮಾಡಬಹುದು. 450 ಗ್ರಾಂ ಮೈದಾ ಅಥವಾ ಗೋಧಿಹಿಟ್ಟಿನ ಮಿಶ್ರಣ, ಒಂದು ಟೀ ಚಮಚ ಅಡುಗೆ ಸೋಡಾ, ಒಂದು ಟೀ ಚಮಚ ಉಪ್ಪು, 350ರಿಂದ 400 ಮಿ.ಲೀ. ಹುಳಿ ಮಜ್ಜಿಗೆ. ಕಡೆದ ಮಜ್ಜಿಗೆ ಸಿಹಿಯಾಗಿದ್ದರೆ ಸ್ವಲ್ಪ ಮೊಸರು ಸೇರಿಸಿ, ಹುಳಿಯಿಲ್ಲದೆ ಸೋಡಾ ಉಬ್ಬುವುದಿಲ್ಲ. ನಾದಬೇಡಿ, ಕೈಯಿಂದ ಒಟ್ಟುಗೂಡಿಸಿದರೆ ಸಾಕು. ಮೇಲೆ ಆಳವಾಗಿ ಶಿಲುಬೆಯ ಗೀರು ಹಾಕಿ 220 ಡಿಗ್ರಿಯಲ್ಲಿ 15 ನಿಮಿಷ, ಬಳಿಕ 200ರಲ್ಲಿ 25 ನಿಮಿಷ ಬೇಯಿಸಿ.

ಊಟಕ್ಕೆ ಕೂರುವ ಮೊದಲೇ ಒಂದು ಪಾಲನ್ನು ಬೇರೆ ತೆಗೆದಿಡಿ. ಅದು ಬ್ರಿಜಿಡ್‌ಳದು. ಕಿಟಕಿಯ ಹೊರಗಟ್ಟೆಯ ಮೇಲೆ ಒಂದು ತುಂಡು ಬ್ರೆಡ್ಡು, ಬೆಣ್ಣೆ ಇಡುತ್ತಾರೆ. ಕೆಲವು ಕಡೆ ಅವಳ ಬಿಳಿ ಹಸುವಿಗೆಂದು ಒಂದು ಹಿಡಿ ಹುಲ್ಲನ್ನೂ ಇಡುತ್ತಾರೆ. ಬೆಳಿಗ್ಗೆ ಅದು ಹಕ್ಕಿಗೋ ದಾರಿಹೋಕರಿಗೋ ಸೇರಿದರೆ ಸಂತೋಷ.

ಮುಸ್ಸಂಜೆ: ಬಟ್ಟೆ ಹೊರಗಿಡುವುದು

ಸೂರ್ಯ ಮುಳುಗಿದ ಮೇಲೆ ಒಂದು ಬಟ್ಟೆಯನ್ನು ಹೊರಗೆ ಪೊದೆಯ ಮೇಲೆ, ಬೇಲಿಯ ಮೇಲೆ ಅಥವಾ ಕಿಟಕಿಯ ಕಟ್ಟೆಯ ಮೇಲೆ ಹಾಸಿ. ಐರಿಷಿನಲ್ಲಿ ಇದು ಬ್ರಾತ್ ಬ್ರೀಜಾ, ಬ್ರಿಜಿಡ್‌ಳ ಮೇಲುವಸ್ತ್ರ. ರೇಷ್ಮೆ ಬೇಕಿಲ್ಲ, ಹಳೆಯ ಸ್ಕಾರ್ಫು, ಬಿಳಿ ಹತ್ತಿಬಟ್ಟೆ, ರಿಬ್ಬನ್ ಏನಾದರೂ ಆದೀತು. ರಾತ್ರಿ ಹಾದುಹೋಗುವಾಗ ಅವಳು ಅದನ್ನು ಮುಟ್ಟುತ್ತಾಳೆ, ಮುಟ್ಟಿದ ಬಟ್ಟೆಗೆ ಗುಣಪಡಿಸುವ ಶಕ್ತಿ ಬರುತ್ತದೆ ಎಂದು ನಂಬಿಕೆ. ತಲೆನೋವಿಗೆ ಹಣೆಗೆ ಕಟ್ಟುತ್ತಿದ್ದರು, ಹೆರಿಗೆಯ ಮನೆಗೆ ಸೂಲಗಿತ್ತಿ ಒಯ್ಯುತ್ತಿದ್ದಳು, ಕರು ಹಾಕಲು ಕಷ್ಟಪಡುವ ಹಸುವಿನ ಬೆನ್ನ ಮೇಲೆ ಹೊದಿಸುತ್ತಿದ್ದರು. ರಿಬ್ಬನ್ ಇಟ್ಟವರು ಅದನ್ನು ಮೊದಲೇ ಅಳೆದಿಟ್ಟು, ಬೆಳಿಗ್ಗೆ ಉದ್ದವಾಗಿದೆಯೇ ಎಂದು ಮತ್ತೆ ಅಳೆಯುತ್ತಿದ್ದರು. ಉದ್ದವಾಗಿದ್ದರೆ ಆ ವರ್ಷ ಆಯುಸ್ಸು, ಅದೃಷ್ಟ ಎರಡೂ ಗಟ್ಟಿ.

ಗಾಳಿ ಜೋರಿದ್ದರೆ ನಾಲ್ಕೂ ಮೂಲೆಗೆ ಕಲ್ಲಿಡಿ. ಅಪಾರ್ಟ್‌ಮೆಂಟಿನಲ್ಲಿ ಬಾಲ್ಕನಿಯ ಕಂಬಿಗೆ ಕಟ್ಟಿದರೂ ನಡೆಯುತ್ತದೆ. ಇದು ಮನಸ್ಸಿಗೆ ಧೈರ್ಯ ಕೊಡುವ ವಸ್ತು. ಜ್ವರ, ನೋವು ಇದ್ದರೆ ವೈದ್ಯರ ಬಳಿ ಹೋಗುವುದನ್ನು ತಡಮಾಡಬೇಡಿ.

ಬಾಗಿಲ ವಿಧಿ

ಇದೇ ಹಬ್ಬದ ಹೃದಯ. ಈಚೆಗೆ ಬಹಳ ಜನ ಇದನ್ನು ಬಿಟ್ಟು ನೇರವಾಗಿ ಶಿಲುಬೆ ಹೆಣೆಯಲು ಕೂರುತ್ತಾರೆ ಎನ್ನುವುದು ನನಗೆ ಬೇಸರದ ವಿಷಯ. ಹೆಣಿಗೆಗಿಂತ ಮೊದಲು ಅತಿಥಿ ಒಳಗೆ ಬರಬೇಕು.

ಮುಖ್ಯವಾಗಿ ಐರ್ಲೆಂಡಿನ ಉತ್ತರ ಭಾಗದಲ್ಲಿ ದಾಖಲಾದ ಕ್ರಮ ಹೀಗಿದೆ. ಮನೆಯ ಒಬ್ಬರು, ಸಾಮಾನ್ಯವಾಗಿ ಹೆಣ್ಣುಮಗಳು, ಕತ್ತಲಾದ ಮೇಲೆ ಹೊರಗೆ ಹೋಗುತ್ತಾರೆ. ಅಂದು ಅವರೇ ಬ್ರಿಜಿಡ್. ತಲೆಯ ಮೇಲೆ ಶಾಲು ಹೊದೆಯಬೇಕು, ಎರಡೂ ತೋಳಿನಲ್ಲಿ ಜೊಂಡಿನ ಕಟ್ಟನ್ನು ಎತ್ತಿಕೊಳ್ಳಬೇಕು. ಸೂರ್ಯ ಚಲಿಸುವ ದಿಕ್ಕಿನಲ್ಲಿ, ನಾವು ಪ್ರದಕ್ಷಿಣೆ ಹಾಕುವ ದಿಕ್ಕೇ ಅದು, ಮನೆಯನ್ನು ಒಂದು ಸುತ್ತು ಬಂದು ಮುಚ್ಚಿದ ಬಾಗಿಲ ಮುಂದೆ ನಿಂತು ತಟ್ಟಬೇಕು. ಹೊರಗಿನಿಂದ ಕೂಗು:

“ಮಂಡಿಯೂರಿ, ಕಣ್ಣು ತೆರೆಯಿರಿ, ಬ್ರೀಡ್‌ಳನ್ನು ಒಳಗೆ ಬರಮಾಡಿಕೊಳ್ಳಿ.”

ಒಳಗಿನವರೆಲ್ಲ ಮಂಡಿಯೂರಿ ಒಟ್ಟಿಗೆ ಹೇಳುತ್ತಾರೆ:

“ಬರಲಿ, ಬರಲಿ, ಆ ಮಹಾತಾಯಿ ಬರಲಿ.”

ಹೀಗೆ ಮೂರು ಸಲ. ಮೂರನೆಯ ಸಲಕ್ಕೆ ಬಾಗಿಲು ತೆರೆಯುತ್ತದೆ. ಜೊಂಡು ಒಳಗೆ ಬರುತ್ತದೆ, ಊಟದ ಮೇಜಿನ ಕೆಳಗೆ ಅದನ್ನು ಇಡುತ್ತಾರೆ. ಪ್ರಾರ್ಥನೆ ಹೇಳಿ ಊಟಕ್ಕೆ ಕೂರುತ್ತಾರೆ.

ಮಾಡುವಾಗ ಗಮನಿಸಬೇಕಾದ ಸಂಗತಿಗಳಿವೆ. ಒಳಗಿನ ದೀಪಗಳನ್ನು ಕಡಿಮೆ ಮಾಡಿ, ಹೊರಗಿನವರಿಗೆ ಕಿಟಕಿಯಿಂದ ಒಲೆಯ ಬೆಳಕು ಮಾತ್ರ ಕಾಣಲಿ. ಅವಸರ ಬೇಡ, ಪ್ರತಿ ಕೂಗಿಗೂ ಉತ್ತರಕ್ಕೂ ನಡುವೆ ಸ್ವಲ್ಪ ಮೌನವಿರಲಿ. ಮಕ್ಕಳಿದ್ದರೆ ಬ್ರಿಜಿಡ್ ಪಾತ್ರವನ್ನು ಅವರಿಗೇ ಕೊಡಿ, ಜೊತೆಗೆ ಹೊರಗೆ ದೊಡ್ಡವರೊಬ್ಬರು ನಿಂತಿರಲಿ. ಕನ್ನಡದಲ್ಲಿಯೇ ಕರೆಯಿರಿ. ಐರಿಷ್ ಮಾತು ಬಾರದ ಮನೆಗಳಲ್ಲಿ ಇದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳುತ್ತಾ ಬಂದಿದ್ದಾರೆ. ಮನೆಯ ಮಾತೇ ಬಾಗಿಲ ಮಾತೂ ಆಗಬೇಕು. ಒಬ್ಬರೇ ಇರುವ ಮನೆಯಲ್ಲಿ ನೀವೇ ಹೊರಗೆ ಹೋಗಿ, ಹೊಸ್ತಿಲಲ್ಲಿ ನಿಂತು ಕರೆದು, ಒಳಗೆ ಬಂದು ನೀವೇ ಉತ್ತರಿಸಿ.

ಸ್ಕಾಟ್‌ಲೆಂಡಿನ ಪಶ್ಚಿಮ ದ್ವೀಪಗಳಲ್ಲಿ ಇದೇ ಸ್ವಾಗತಕ್ಕೆ ಬೇರೆ ರೂಪವಿತ್ತು. 1703ರಲ್ಲಿ ಪ್ರಕಟವಾದ ಮಾರ್ಟಿನ್ ಮಾರ್ಟಿನ್ ಎಂಬಾತನ ವರದಿಯಂತೆ, ಮನೆಯೊಡತಿ ಮತ್ತು ಕೆಲಸದವರು ಒಂದು ಓಟ್ಸ್ ತೆನೆಯ ಕಂತೆಗೆ ಹೆಣ್ಣಿನ ಉಡುಪು ತೊಡಿಸಿ, ದೊಡ್ಡ ಬುಟ್ಟಿಯಲ್ಲಿ ಮಲಗಿಸಿ, ಪಕ್ಕದಲ್ಲಿ ಮರದ ದೊಣ್ಣೆ ಇಟ್ಟು, ಬ್ರೀಡ್ ಬಂದಳು, ಬ್ರೀಡ್‌ಳಿಗೆ ಸ್ವಾಗತ ಎಂದು ಮೂರು ಸಲ ಕೂಗುತ್ತಿದ್ದರು. ನೀವು ಇದನ್ನು ಮಾಡುವುದಾದರೆ ಇದನ್ನೇ ಮಾಡಿ, ಐರಿಷ್ ಬಾಗಿಲ ವಿಧಿಯ ಜೊತೆ ಬೆರೆಸಬೇಡಿ. ಎರಡೂ ಒಂದೇ ದೇವಿಗೆ ಸೇರಿದರೂ ಬೇರೆ ಬೇರೆ ಊರಿನವು.

ಶಿಲುಬೆ ಹೆಣೆಯುವುದು

ಊಟವಾದ ಮೇಲೆ ಮೇಜಿನ ಕೆಳಗಿನ ಕಟ್ಟನ್ನು ಬಿಚ್ಚಿ. ಕಥೆಯ ಪ್ರಕಾರ ಸಾಯುತ್ತಿದ್ದ ಪೇಗನ್ (ಕ್ರೈಸ್ತನಲ್ಲದ) ನಾಯಕನೊಬ್ಬನ ಹಾಸಿಗೆಯ ಬಳಿ ಕುಳಿತು, ನೆಲಕ್ಕೆ ಹಾಸಿದ್ದ ಜೊಂಡನ್ನೇ ಎತ್ತಿಕೊಂಡು ಬ್ರಿಜಿಡ್ ಮೊದಲ ಶಿಲುಬೆ ಹೆಣೆದಳು. ಆಕಾರಗಳು ಬಹಳ ಇವೆ: ಮೂರು ತೋಳಿನದು ಕೊಟ್ಟಿಗೆಗೆ, ಎರಡು ಕಡ್ಡಿಯ ಸುತ್ತ ಹುಲ್ಲು ಸುತ್ತುವ ವಜ್ರಾಕೃತಿ, ಹೀಗೆ. ಮೇಯೋ ಜಿಲ್ಲೆಯ ಟರ್ಲಾ ಪಾರ್ಕ್‌ನಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಗ್ರಾಮಜೀವನ ವಿಭಾಗಕ್ಕೆ ಹೋದರೆ ಆ ವೈವಿಧ್ಯವನ್ನು ಕಾಣಬಹುದು. ಎಲ್ಲರಿಗೂ ಪರಿಚಿತವಾದದ್ದು ನಾಲ್ಕು ತೋಳಿನದು. 1995ರವರೆಗೆ ಐರ್ಲೆಂಡಿನ ರಾಷ್ಟ್ರೀಯ ಟೆಲಿವಿಷನ್ನಿನ ಲಾಂಛನದಲ್ಲಿದ್ದದ್ದೂ ಅದೇ. ಅದನ್ನು ಹೆಣೆಯುವ ರೀತಿ:

1. ಎಲ್ಲಕ್ಕಿಂತ ದಪ್ಪನೆಯ, ನೇರವಾದ ಕಡ್ಡಿಯನ್ನು ಆರಿಸಿ. ಎಡಗೈಯಲ್ಲಿ ಲಂಬವಾಗಿ ಹಿಡಿಯಿರಿ. ಇದೊಂದೇ ಕಡ್ಡಿಯನ್ನು ಮಡಚುವುದಿಲ್ಲ.

2. ಎರಡನೆಯ ಕಡ್ಡಿಯನ್ನು ಸರಿಯಾಗಿ ನಡುವೆ ಮಡಚಿ. ಮೊದಲ ಕಡ್ಡಿಯ ನಡುಭಾಗವನ್ನು ಆ ಮಡಿಕೆಯೊಳಗೆ ಸಿಕ್ಕಿಸಿ. ಎರಡೂ ತುದಿಗಳು ಬಲಕ್ಕೆ ಚಾಚಿರಬೇಕು. ಕೂಡಿದ ಜಾಗವನ್ನು ಹೆಬ್ಬೆರಳು, ತೋರುಬೆರಳಿನಿಂದ ಬಿಗಿಯಾಗಿ ಒತ್ತಿ ಹಿಡಿಯಿರಿ.

3. ಇಡೀ ಹೆಣಿಗೆಯನ್ನು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಕಾಲು ಸುತ್ತು ತಿರುಗಿಸಿ. ಬಲಕ್ಕಿದ್ದ ತುದಿಗಳು ಈಗ ಮೇಲಕ್ಕೆ ಬಂದವು.

4. ಮೂರನೆಯ ಕಡ್ಡಿಯನ್ನು ಮಡಚಿ, ಮೇಲೆ ಚಾಚಿರುವ ಎರಡೂ ಎಳೆಗಳನ್ನು ಅದರ ಮಡಿಕೆಯೊಳಗೆ ಸಿಕ್ಕಿಸಿ, ತುದಿಗಳನ್ನು ಮತ್ತೆ ಬಲಕ್ಕೆ ಬಿಡಿ. ನಡುವಿನ ಕಡೆಗೆ ಎಳೆದು ಬಿಗಿಮಾಡಿ.

5. ಮತ್ತೆ ಕಾಲು ಸುತ್ತು. ಮತ್ತೊಂದು ಕಡ್ಡಿ. ಪ್ರತಿ ಸಲವೂ ಮೇಲೆ ಚಾಚಿರುವ ಎಲ್ಲ ಎಳೆಗಳನ್ನೂ ಹೊಸ ಮಡಿಕೆಯೊಳಗೆ ಹಿಡಿಯಬೇಕು, ತುದಿ ಯಾವಾಗಲೂ ಬಲಕ್ಕೇ. ಕಡ್ಡಿ ಮುಗಿಯುವವರೆಗೆ ಇದೇ.

6. ಕೊನೆಯ ಕಡ್ಡಿ ಸೇರಿದ ಮೇಲೆ ನಡುವನ್ನು ಬಿಡದೆ, ನಾಲ್ಕೂ ತೋಳುಗಳ ತುದಿಯನ್ನು ದಾರದಿಂದ ಅಥವಾ ತೆಳು ಜೊಂಡಿನಿಂದ ಕಟ್ಟಿ. ತುದಿಗಳನ್ನು ಕತ್ತರಿಯಿಂದ ಸಮಮಾಡಿ.

ಕಿಲ್ಡೇರ್ ಕಡೆಯ ಒಬ್ಬ ಅಜ್ಜಿ ನನಗೆ ಇದನ್ನು ಕಲಿಸುವಾಗ ನನ್ನ ಬೆರಳುಗಳನ್ನು ನೋಡುತ್ತಲೇ ಇರಲಿಲ್ಲ. ನಡುವಿನ ಚೌಕವನ್ನು ಮಾತ್ರ ನೋಡುತ್ತಿದ್ದರು. ಅಲ್ಲಿ ಒಂದು ಎಳೆ ಇನ್ನೊಂದರ ಮೇಲೆ ಹತ್ತಿದರೆ ಕೂಡಲೇ ತಮ್ಮ ಉಗುರಿನಿಂದ ಪಕ್ಕಕ್ಕೆ ಸರಿಸಿ, ಸಾಲಿಗೆ ಸೇರಿಸಿ, ಮತ್ತೆ ನನ್ನ ಕೈಗೆ ಕೊಡುತ್ತಿದ್ದರು. ಆ ಚೌಕದಲ್ಲಿ ಎಳೆಗಳು ಚಾಪೆಯ ಎಳೆಗಳಂತೆ ಒಂದರ ಪಕ್ಕ ಒಂದು ಕೂತರೆ ತೋಳುಗಳು ತಾವಾಗಿ ನೇರವಾಗುತ್ತವೆ. ಹೊಸಬರ ಶಿಲುಬೆ ಸಡಿಲವಾಗುವುದು ತಿರುಗಿಸುವಾಗ ಹಿಡಿತ ಬಿಡುವುದರಿಂದ. ತಿರುಗಿಸುವ ಕೈ ಬಲಗೈ. ಒತ್ತಿ ಹಿಡಿದ ಎಡಗೈಯ ಹೆಬ್ಬೆರಳು ಕೊನೆಯವರೆಗೂ ಏಳಬಾರದು. ಜೊಂಡು ಒಣಗುವಾಗ ಸ್ವಲ್ಪ ಕುಗ್ಗುತ್ತದೆ, ಆದ್ದರಿಂದ ಇಷ್ಟು ಬಿಗಿ ಸಾಕು ಎನಿಸಿದ ಮೇಲೂ ಇನ್ನೊಮ್ಮೆ ಎಳೆಯಿರಿ.

ಈ ಆಕಾರ ಕಂಡೊಡನೆ ನಮ್ಮವರಿಗೆ ಸ್ವಸ್ತಿಕ ನೆನಪಾಗುತ್ತದೆ, ಅಲ್ಲಿಂದ ಪ್ರಾಚೀನ ಸಂಬಂಧಗಳ ಕಥೆ ಹಬ್ಬುತ್ತದೆ. ಒಮ್ಮೆ ಕೈಯಾರೆ ಹೆಣೆದು ನೋಡಿ: ಮಡಚಿದ ಕಡ್ಡಿಯನ್ನು ಕಾಲು ಸುತ್ತಿಗೊಮ್ಮೆ ಸೇರಿಸುತ್ತಾ ಹೋದರೆ ಬೇರೆ ಆಕಾರ ಬರುವುದೇ ಇಲ್ಲ. ಕೆಲಸದ ರೀತಿಯೇ ಆ ರೂಪವನ್ನು ಹುಟ್ಟಿಸುತ್ತದೆ. ಅದಕ್ಕಿಂತ ದೊಡ್ಡ ಸಂಬಂಧ ಹೇಳಲು ಪುರಾವೆ ಬೇಕು.

ಮುಗಿದ ಶಿಲುಬೆಗೆ ಕ್ರೈಸ್ತ ಮನೆಗಳಲ್ಲಿ ತೀರ್ಥ ಚಿಮುಕಿಸುತ್ತಾರೆ. ಮುಂಬಾಗಿಲ ಒಳಗಡೆ, ಮೇಲ್ಭಾಗದಲ್ಲಿ ಮೊಳೆಗೆ ತೂಗುಹಾಕಿ. ಹುಲ್ಲುಮಾಡಿನ ಮನೆಗಳಿಗೆ ಬೆಂಕಿಯೇ ದೊಡ್ಡ ಭಯ. ಅದರಿಂದ ಕಾಯಲಿ ಎಂಬುದು ಶಿಲುಬೆಯ ಮುಖ್ಯ ಹರಕೆ. ಹಸಿರು ಕಡ್ಡಿ ಕೆಲವು ವಾರಗಳಲ್ಲಿ ಹೊಂಬಣ್ಣಕ್ಕೆ ತಿರುಗುತ್ತದೆ.

ಬೆಂಕಿಯನ್ನು ಮಲಗಿಸುವುದು

ಬ್ರಿಜಿಡ್ ಎಂದರೆ ಬೆಂಕಿಯೂ ಹೌದು. 1180ರ ದಶಕದಲ್ಲಿ ಐರ್ಲೆಂಡಿಗೆ ಬಂದ ವೇಲ್ಸ್‌ನ ಪಾದ್ರಿ ಜೆರಾಲ್ಡ್, ಕಿಲ್ಡೇರ್‌ನಲ್ಲಿ ಆರದ ಬೆಂಕಿಯೊಂದನ್ನು ವರ್ಣಿಸಿದ್ದಾನೆ. ಹತ್ತೊಂಬತ್ತು ಸನ್ಯಾಸಿನಿಯರು ಸರದಿಯಂತೆ ಒಂದೊಂದು ರಾತ್ರಿ ಅದನ್ನು ಕಾಯುತ್ತಿದ್ದರು. ಇಪ್ಪತ್ತನೆಯ ರಾತ್ರಿ ಕಟ್ಟಿಗೆಯನ್ನು ಪಕ್ಕದಲ್ಲಿಟ್ಟು, ಈ ರಾತ್ರಿ ನಿನ್ನದು ಎಂದು ಬ್ರಿಜಿಡ್‌ಳಿಗೇ ಒಪ್ಪಿಸಿ ಹೋಗುತ್ತಿದ್ದರು. ಸುತ್ತಲೂ ಬೇಲಿ, ಗಂಡಸರು ಅದನ್ನು ದಾಟುವಂತಿರಲಿಲ್ಲ. ಇಷ್ಟು ಕಾಲ ಉರಿದರೂ ಬೂದಿ ಹೆಚ್ಚಲೇ ಇಲ್ಲ ಎಂದೂ ಬರೆದಿದ್ದಾನೆ. ಹದಿನಾರನೆಯ ಶತಮಾನದ ಧಾರ್ಮಿಕ ಕ್ಷೋಭೆಯಲ್ಲಿ ಆ ಬೆಂಕಿ ಆರಿತು. 1993ರಲ್ಲಿ ಬ್ರಿಜಿಡೀನ್ ಸನ್ಯಾಸಿನಿಯರು ಕಿಲ್ಡೇರ್ ಪೇಟೆಯ ಚೌಕದಲ್ಲಿ ಅದನ್ನು ಮತ್ತೆ ಹೊತ್ತಿಸಿದರು, ಅಂದಿನಿಂದ ಕಾಯುತ್ತಿದ್ದಾರೆ. ಇದು ನನಗೆ ಈ ಇಡೀ ಪರಂಪರೆಯಲ್ಲಿ ಅತ್ಯಂತ ಪ್ರಿಯವಾದ ಸಂಗತಿ: ನಾನೂರಕ್ಕೂ ಹೆಚ್ಚು ವರ್ಷ ಆರಿದ್ದ ಬೆಂಕಿಯನ್ನು ಹೆಂಗಸರು ಕಡ್ಡಿ ಗೀರಿ ಮುಂದುವರಿಸಿದರು.

ಮನೆಯಲ್ಲಿ ಒಲೆಯಿದ್ದವರು ಆ ರಾತ್ರಿ ಕೆಂಡವನ್ನು ಬೂದಿಯಿಂದ ಮುಚ್ಚಿ, ಮೇಲೆ ಕೈಯಾಡಿಸಿ ನುಣ್ಣಗೆ ಮಾಡಿ ಮಲಗುತ್ತಿದ್ದರು. ಬೆಳಿಗ್ಗೆ ಬೂದಿಯ ಮೇಲೆ ಹೆಜ್ಜೆಯ ಗುರುತು ಅಥವಾ, ಸ್ಕಾಟ್‌ಲೆಂಡಿನ ದ್ವೀಪಗಳಲ್ಲಾದರೆ, ಬುಟ್ಟಿಯ ಪಕ್ಕ ಇಟ್ಟ ಆ ದೊಣ್ಣೆಯ ಗೆರೆ ಕಂಡರೆ ಬ್ರೀಡ್ ಬಂದುಹೋದಳೆಂದು ಅರ್ಥ. ಒಳ್ಳೆಯ ಬೆಳೆಯ ಸೂಚನೆ. ಒಲೆಯಿಲ್ಲದ ಮನೆಯಲ್ಲಿ ಒಂದು ಎಣ್ಣೆದೀಪವೋ ಮೇಣದಬತ್ತಿಯೋ ಸಾಕು. ಮಲಗುವ ಮುನ್ನ ಅದನ್ನು ತಪ್ಪದೆ ಆರಿಸಿ. ಹತ್ತೊಂಬತ್ತು ಜನ ಗೆಳೆಯರು ಸೇರಿ ಸರದಿ ಹಾಕಿಕೊಂಡು ದಿನಕ್ಕೊಬ್ಬರಂತೆ ತಮ್ಮ ಮನೆಯಲ್ಲಿ ದೀಪ ಹಚ್ಚುವ ಗುಂಪುಗಳೂ ಈಗ ಇವೆ. ದೂರದೂರಿನಲ್ಲಿರುವವರಿಗೆ ಇದು ಒಳ್ಳೆಯ ದಾರಿ.

ಫೆಬ್ರವರಿ 1ರ ಬೆಳಿಗ್ಗೆ

ಸೂರ್ಯ ಹುಟ್ಟುವ ಮೊದಲು ಬಟ್ಟೆಯನ್ನು ಒಳಗೆ ತನ್ನಿ. ಡಬ್ಲಿನ್‌ನಲ್ಲಿ ಅಂದು ಸೂರ್ಯೋದಯ ಎಂಟರ ಮೇಲೆ, ಆದ್ದರಿಂದ ಬೇಗ ಏಳುವ ಕಷ್ಟವಿಲ್ಲ. ಇಬ್ಬನಿಯಿಂದ ಒದ್ದೆಯಾದದ್ದನ್ನು ಹಿಂಡದೆ ಒಣಗಿಸಿ, ಮಡಚಿ, ಬೇರೆಯಾಗಿ ಇಡಿ. ಕೆಲವರು ಅದೇ ಬಟ್ಟೆಯನ್ನು ವರ್ಷ ವರ್ಷವೂ ಹೊರಗಿಡುತ್ತಾರೆ.

ಕಾರ್ಕ್, ಕೆರ್ರಿ ಕಡೆಗಳಲ್ಲಿ ಅಂದು ಚಕ್ರ ತಿರುಗಿಸುವ ಕೆಲಸ ನಿಷಿದ್ಧವಾಗಿತ್ತು. ನೂಲುವ ರಾಟೆ, ಗಾಡಿ, ಬೀಸುವ ಕಲ್ಲು ಎಲ್ಲಕ್ಕೂ ರಜೆ. ಇವತ್ತು ಗಾಡಿ ಬಿಡುವುದು ಕಷ್ಟವಾದರೆ ಹೊಲಿಗೆ ಯಂತ್ರವನ್ನಾದರೂ ಮುಚ್ಚಿಡಿ. 2023ರಿಂದ ಐರ್ಲೆಂಡಿನಲ್ಲಿ ಸರ್ಕಾರಿ ರಜೆಯೂ ಇದೆ: ಫೆಬ್ರವರಿಯ ಮೊದಲ ಸೋಮವಾರ, ಫೆಬ್ರವರಿ 1 ಶುಕ್ರವಾರ ಬಿದ್ದರೆ ಅದೇ ದಿನ. ಹೆಣ್ಣೊಬ್ಬಳ ಹೆಸರಿನ ಮೊದಲ ಸಾರ್ವಜನಿಕ ರಜೆ ಅದು. ರಜೆ ಸೋಮವಾರವಾದರೂ ಬಾಗಿಲ ವಿಧಿಯನ್ನು ಜನವರಿ 31ಕ್ಕೇ ಮಾಡಿ.

ಐರ್ಲೆಂಡಿನಲ್ಲಿರುವ ಕನ್ನಡಿಗರು ಅಂದು ಒಂದು ಬ್ರಿಜಿಡ್ ಬಾವಿಗೆ ಹೋಗಿಬನ್ನಿ. ಕಿಲ್ಡೇರ್‌ನ ಹೊರಗೆ ಟಲ್ಲಿಯಲ್ಲಿ ಒಂದಿದೆ, ಕ್ಲೇರ್‌ನಲ್ಲಿ ಮೊಹರ್ ಕಡಿಬಂಡೆಗಳ ಹತ್ತಿರ ಲಿಸ್ಕ್ಯಾನರ್‌ನಲ್ಲಿ ಇನ್ನೊಂದು. ಬಾವಿಯನ್ನು ಪ್ರದಕ್ಷಿಣಾಕಾರವಾಗಿಯೇ ಸುತ್ತಬೇಕು. ಮರಕ್ಕೆ ಬಟ್ಟೆ ಕಟ್ಟುವ ಪದ್ಧತಿಯಲ್ಲಿ, ಬಟ್ಟೆ ಕರಗಿದಂತೆ ಕಾಯಿಲೆಯೂ ಕರಗಬೇಕು ಎಂಬುದು ಆಶಯ. ಹಾಗಾಗಿ ತೆಳು ಹತ್ತಿ ಅಥವಾ ಉಣ್ಣೆಯ ಎಳೆಯನ್ನಷ್ಟೇ, ಸಡಿಲವಾಗಿ ಕಟ್ಟಿ. ಪಾಲಿಯೆಸ್ಟರ್, ಪ್ಲಾಸ್ಟಿಕ್ ಕರಗುವುದಿಲ್ಲ, ಕೊಂಬೆಯನ್ನು ಬಿಗಿದು ಕೊಲ್ಲುತ್ತದೆ. ಮರದಲ್ಲಿ ಅಂಥವು ಕಂಡರೂ ನೀವು ಸೇರಿಸಬೇಡಿ.

ಹವೆಯನ್ನೂ ಗಮನಿಸಿ. ಚಳಿಗಾಲದ ಮುದುಕಿ ಕಾಲ್ಯಾಖ್ ಅಂದು ಸೌದೆ ಆಯಲು ಹೊರಡುತ್ತಾಳೆ. ಚಳಿ ಇನ್ನೂ ಉದ್ದವಾಗಬೇಕೆಂದು ಅವಳಿಗೆ ಮನಸ್ಸಿದ್ದರೆ ಬೇಕಾದಷ್ಟು ಸೌದೆ ಸಿಗಲೆಂದು ದಿನವನ್ನು ಬಿಸಿಲಾಗಿಸುತ್ತಾಳಂತೆ. ಆದ್ದರಿಂದ ಫೆಬ್ರವರಿ 1ಕ್ಕೆ ಮಳೆ ಸುರಿದರೆ ಬೇಸರಪಡಬೇಡಿ. ಮುದುಕಿ ನಿದ್ದೆ ಹೋಗಿದ್ದಾಳೆ.

ಉಳಿದದ್ದನ್ನು ಏನು ಮಾಡಬೇಕು

ಹೆಣೆದು ಮಿಕ್ಕ ಜೊಂಡನ್ನು ಕಸಕ್ಕೆ ಹಾಕುವಂತಿಲ್ಲ. ಹಿಂದೆ ದನಗಳ ಹಾಸಿಗೆಗೆ ಬೆರೆಸುತ್ತಿದ್ದರು, ಈಗ ಗಿಡದ ಬುಡಕ್ಕೆ ಹಾಕಬಹುದು. ಬೆಳೆಗಾರರ ಮನೆಗಳಲ್ಲಿ ಒಂದೆರಡು ಎಳೆಯನ್ನು ಬಿತ್ತನೆ ಬೀಜದ ಜೊತೆ ಇಡುವ ರೂಢಿಯಿತ್ತು. ಕುಂಡದಲ್ಲಿ ಮೆಂತ್ಯ ಬಿತ್ತುವವರೂ ಹಾಗೆ ಮಾಡಬಹುದು. ಹಳೆಯ ಶಿಲುಬೆಯ ವಿಷಯದಲ್ಲಿ ಊರಿಗೊಂದು ಕ್ರಮ. ಕೆಲವರು ಹೊಸದು ಬಂದ ರಾತ್ರಿ ಹಳೆಯದನ್ನು ಒಲೆಗೆ ಹಾಕುತ್ತಾರೆ, ಕೆಲವರು ಮಣ್ಣಿಗೆ ಸೇರಿಸುತ್ತಾರೆ, ಇನ್ನು ಕೆಲವರು ಮಾಡಿನ ಕೆಳಗೆ ವರ್ಷಕ್ಕೊಂದರಂತೆ ಸಿಕ್ಕಿಸುತ್ತಾ ಹೋಗುತ್ತಾರೆ. ಹೊಗೆ ಹಿಡಿದು ಕಪ್ಪಾದ ಅಂಥ ಸಾಲನ್ನು ಎಣಿಸಿ, ಆ ಮನೆಗೆ ಎಷ್ಟು ವರ್ಷವಾಯಿತೆಂದು ಹೇಳಬಹುದಿತ್ತು. ನಿಮ್ಮ ಮನೆಯಲ್ಲಿ ಜಾಗವಿದ್ದರೆ ಈ ಕೊನೆಯ ಕ್ರಮವನ್ನೇ ಆರಿಸಿಕೊಳ್ಳಿ, ಪ್ರತಿಯೊಂದರ ಹಿಂದೆ ಇಸವಿ ಬರೆದ ಸಣ್ಣ ಚೀಟಿ ಕಟ್ಟಿ.